ಪ್ಯಾಕೇಜಿನಲ್ಲಿ ಅಧಿಕಾರ ಹೋಗಲಿ, ಹೆಸರುಗಳು ಹೋಗದಿರಲಿ

ಗಂಗಾವತಿ, ಕಾರಟಗಿ ಮತ್ತು ಸಿಂಧನೂರಿನಲ್ಲಿ ಒಂದೊಂದು ರೈಸ್ ಮಿಲ್ ಇರುವ ಒಂದು ಮನೆತನದ ವ್ಯವಹಾರಕ್ಕೆ ನಾನು ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಭತ್ತದ ಲಾರಿ ಗೇಟಿಗೆ ಬಂದಾಗಿನಿಂದ ರೈತರ ಬ್ಯಾಂಕ್ ಖಾತೆಗೆ ಹಣ ಜಮೆಯಾಗುವವರೆಗಿನ ಕೆಲಸವೆಲ್ಲ, ಕಡಿಮೆ ಕೋಡ್ ಬರೆದು ಆ್ಯಪ್ ಕಟ್ಟಲು ಇರುವ ಮೈಕ್ರೋಸಾಫ್ಟ್ ಪವರ್ ಪ್ಲಾಟ್‌ಫಾರ್ಮಿನಲ್ಲಿ ಕಟ್ಟಿದ ಒಂದು ವರ್ಕ್‌ಫ್ಲೋದಲ್ಲಿ ಸಾಗುತ್ತದೆ. ಕಾಟಾದ ಮುಂದೆ ಕುಳಿತು ತೂಕ ಬರೆಯುವವರು ಒಬ್ಬರು, ತೇವಾಂಶ ನೋಡಿ 75 ಕಿಲೋ ಚೀಲಕ್ಕೆ ಇಷ್ಟೆಂದು ದರ ಕಟ್ಟುವವರು ಇನ್ನೊಬ್ಬರು, ಲೆಕ್ಕ ತಾಳೆ ನೋಡಿ ಪಾವತಿಗೆ ಕಳಿಸುವವರು ಮತ್ತೊಬ್ಬರು, ಕೊನೆಯ ಒಪ್ಪಿಗೆ ಸಾಹುಕಾರರದು. ತೂಕ ಬರೆದವರೇ ದರವನ್ನೂ ತಿದ್ದುವಂತಾದರೆ, ಅಥವಾ ಒಂದು ಮಿಲ್ಲಿನ ಗುಮಾಸ್ತರಿಗೆ ಇನ್ನೊಂದು ಮಿಲ್ಲಿನ ದರ ಕಾಣುವಂತಾದರೆ, ಈ ವ್ಯವಸ್ಥೆಯನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಫಾರ್ಮುಗಳ ಅಂದಚಂದಕ್ಕಿಂತ ಯಾವ ಗುಂಪಿಗೆ ಯಾವ ಅಧಿಕಾರ ಎಂಬ ಸೆಟ್ಟಿಂಗ್‌ಗಳೇ ಮುಖ್ಯ.

ಆ ಸೆಟ್ಟಿಂಗ್‌ಗಳನ್ನು, ಸಾಫ್ಟ್‌ವೇರ್ ಕಟ್ಟುವ ಜಾಗವಾದ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟಿನಿಂದ ಅದನ್ನು ಪರೀಕ್ಷಿಸುವ ಟೆಸ್ಟ್‌ಗೆ, ಅಲ್ಲಿಂದ ನಿಜವಾದ ವ್ಯವಹಾರ ನಡೆಯುವ ಪ್ರೊಡಕ್ಷನ್‌ಗೆ ಸಾಗಿಸುವುದು ಹೇಗೆ ಎಂಬುದರ ಕುರಿತು ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿ ಒಂದು ಬಟನ್ ಒತ್ತಿದರೆ ಮುಗಿಯಿತು ಎಂಬ ಮಾತನ್ನು ಸಾಫ್ಟ್‌ವೇರ್ ಮಾರಲು ಬರುವವರಿಂದ ಬಹಳ ಸಲ ಕೇಳಿದ್ದೇನೆ, ಮತ್ತು ಭದ್ರತೆಯ ಮಟ್ಟಿಗೆ ಅದನ್ನು ನಾನು ಒಪ್ಪುವುದಿಲ್ಲ. ನಾವು ಆಡುಮಾತಿನಲ್ಲಿ ಸೆಕ್ಯುರಿಟಿ ಗ್ರೂಪ್ ಎಂದು ಒಟ್ಟಾಗಿ ಕರೆಯುವುದರೊಳಗೆ ಗುಂಪಿನ ಗುರುತು, ಗುಂಪಿಗೆ ಕೊಟ್ಟ ಅಧಿಕಾರ, ಗುಂಪಿನೊಳಗಿನ ಜನ ಎಂಬ ಬೇರೆ ಬೇರೆ ಸಂಗತಿಗಳಿವೆ. ಅಧಿಕಾರವು ವಿನ್ಯಾಸಕ್ಕೆ ಸೇರಿದ್ದು. ಅದು ಪ್ಯಾಕೇಜಿನಲ್ಲಿ ಹೋಗಲೇಬೇಕು, ಕೈಯಿಂದ ಟಿಕ್ ಮಾಡಿ ಮತ್ತೆ ಕಟ್ಟುವಂತಿರಬಾರದು. ಜನರು ಆಯಾ ಎನ್ವಿರಾನ್‌ಮೆಂಟಿಗೆ ಸೇರಿದವರು. ಅವರ ಹೆಸರು ಪ್ಯಾಕೇಜಿನೊಳಗೆ ಕಾಣಿಸಲೇಬಾರದು. ಇವೆರಡನ್ನೂ ಜೋಡಿಸುವ ಗುರುತಿನಲ್ಲಿ ಮಾತ್ರ ನಿಜವಾದ ತೊಡಕು ಇದೆ.

ಮೊದಲು ಸುಲಭದ್ದನ್ನು ಹೇಳುತ್ತೇನೆ. ಪವರ್ ಪ್ಲಾಟ್‌ಫಾರ್ಮಿನಲ್ಲಿ ಪ್ಯಾಕೇಜಿನ ಮೂಲ ಘಟಕವೆಂದರೆ ಸಲ್ಯೂಷನ್ ಎಂಬ ಜಿಪ್ ಕಡತ. ಡೆವಲಪ್‌ಮೆಂಟಿನಲ್ಲಿ ಅದು ಅನ್‌ಮ್ಯಾನೇಜ್ಡ್ (ತಿದ್ದಲು ತೆರೆದಿರುವುದು) ಆಗಿರುತ್ತದೆ, ಮುಂದಿನ ಎನ್ವಿರಾನ್‌ಮೆಂಟುಗಳಿಗೆ ಮ್ಯಾನೇಜ್ಡ್ (ಮುಚ್ಚಿ ಕಟ್ಟಿದ್ದು) ಆಗಿ ಹೋಗಬೇಕು. ಸೆಕ್ಯುರಿಟಿ ರೋಲ್‌ಗಳು ಸಲ್ಯೂಷನ್ನಿನೊಳಗೆ ಸೇರಿಸಬಹುದಾದ ಘಟಕಗಳೇ. ಒಂದು ರೋಲ್ ಎಂದರೆ ಪ್ರತಿಯೊಂದು ಟೇಬಲ್ಲಿಗೂ ಕ್ರಿಯೇಟ್, ರೀಡ್, ರೈಟ್, ಡಿಲೀಟ್, ಅಪೆಂಡ್, ಅಪೆಂಡ್ ಟು, ಅಸೈನ್, ಶೇರ್ ಎಂಬ 8 ಅಧಿಕಾರಗಳ ಪಟ್ಟಿ, ಮತ್ತು ಪ್ರತಿ ಅಧಿಕಾರಕ್ಕೂ ಅದು ಎಷ್ಟು ದೂರ ಚಾಚುತ್ತದೆ ಎಂಬ ಮಟ್ಟ: ತನ್ನ ದಾಖಲೆಗಳಷ್ಟೇ, ತನ್ನ ಬಿಸಿನೆಸ್ ಯೂನಿಟ್ಟಿನವು (ಅಂದರೆ ಸಂಸ್ಥೆಯೊಳಗಿನ ತನ್ನ ವಿಭಾಗದವು), ಅದರ ಕೆಳಗಿನ ಯೂನಿಟ್ಟುಗಳವೂ ಸೇರಿ, ಅಥವಾ ಇಡೀ ಸಂಸ್ಥೆಯವು. ನಮ್ಮಲ್ಲಿ ಕಾಟಾ, ಖರೀದಿ, ಲೆಕ್ಕಪತ್ರ, ಒಪ್ಪಿಗೆ ಎಂಬ ರೋಲ್‌ಗಳಿವೆ. ಇವುಗಳ ಒಳಗಿನ ಪ್ರತಿಯೊಂದು ಅಧಿಕಾರವೂ ಸಲ್ಯೂಷನ್ ಜೊತೆಗೆ ಹಾಗೆಯೇ ಸಾಗುತ್ತದೆ. ಇಷ್ಟರಮಟ್ಟಿಗೆ ಆ ಮಾರಾಟಗಾರರ ಮಾತು ಸರಿ.

ಬಿಸಿನೆಸ್ ಯೂನಿಟ್ ಎಂಬಲ್ಲಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಪ್ರತಿ ಎನ್ವಿರಾನ್‌ಮೆಂಟಿಗೂ ಒಂದು ಮೂಲ ಯೂನಿಟ್ ಇರುತ್ತದೆ, ಅದರ ಗುರುತಿನ ಸಂಖ್ಯೆ ಒಂದೊಂದು ಕಡೆ ಒಂದೊಂದಾಗಿರುತ್ತದೆ. ಪ್ರೊಡಕ್ಷನ್ನಿನಲ್ಲಿ ಮೂಲ ಯೂನಿಟ್ಟಿನ ಕೆಳಗೆ ಮೂರು ಮಿಲ್ಲುಗಳಿಗೆ ಮೂರು ಯೂನಿಟ್ಟುಗಳಿವೆ. ಮೂಲ ಯೂನಿಟ್ಟಿನಲ್ಲಿ ಹುಟ್ಟಿದ ರೋಲ್ ಅದರ ಕೆಳಗಿನ ಪ್ರತಿಯೊಂದು ಯೂನಿಟ್ಟಿಗೂ ತಾನಾಗಿ ಪ್ರತಿಯಾಗಿ ಇಳಿಯುತ್ತದೆ. ಹಾಗೆ ಇಳಿದ ಪ್ರತಿಗೆ ಹೆಸರು ಅದೇ ಇದ್ದರೂ ಗುರುತಿನ ಸಂಖ್ಯೆ ಬೇರೆ. ರೂಢಿಯ ಸೆಟ್ಟಿಂಗ್‌ನಲ್ಲಿ ಒಂದು ಟೀಮಿಗೆ, ಅಂದರೆ ಒಟ್ಟಾಗಿ ರೋಲ್ ಪಡೆಯುವ ಬಳಕೆದಾರರ ಗುಂಪಿಗೆ, ಅದು ಸೇರಿದ ಯೂನಿಟ್ಟಿನ ಪ್ರತಿಯನ್ನೇ ಕೊಡಬೇಕು. ಹೀಗಿರುವಾಗ ಡೆವಲಪ್‌ಮೆಂಟಿನಲ್ಲಿ ಕಂಡ ರೋಲ್ ಸಂಖ್ಯೆಯನ್ನು ಸ್ಕ್ರಿಪ್ಟಿನಲ್ಲಿ ಬರೆದಿಟ್ಟು ಪ್ರೊಡಕ್ಷನ್ನಿನ ಕಾರಟಗಿ ಟೀಮಿಗೆ ಕೊಡಲು ಹೋದರೆ ಅದು ಕೂಡಿಬರುವುದಿಲ್ಲ. ಯೂನಿಟ್ಟಿನ ಹೆಸರು ಮತ್ತು ರೋಲಿನ ಹೆಸರು ಎರಡನ್ನೂ ಕೊಟ್ಟು ಆಯಾ ಎನ್ವಿರಾನ್‌ಮೆಂಟಿನಲ್ಲೇ ಸಂಖ್ಯೆಯನ್ನು ಹುಡುಕಿಕೊಳ್ಳಬೇಕು. ಇದೇ ಕಾರಣಕ್ಕೆ ನಮ್ಮ ಡೆವಲಪ್‌ಮೆಂಟಿನಲ್ಲೂ, ಕೆಲಸಕ್ಕೆ ಅಗತ್ಯವಿಲ್ಲದಿದ್ದರೂ, ಮಿಲ್ಲುಗಳ ಹೆಸರಿನ ಯೂನಿಟ್ಟುಗಳನ್ನು ಅದೇ ಕಾಗುಣಿತದಲ್ಲಿ ಮಾಡಿಟ್ಟಿದ್ದೇವೆ. ಗಂಗಾವತಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಲ್ಲಿ ಬರೆಯುವ ಜನ ನಾವು. ಹೆಸರನ್ನೇ ಕೀಲಿಯಾಗಿ ಬಳಸುವ ಕಡೆ ಆ ಉದಾರತೆ ನಡೆಯುವುದಿಲ್ಲ.

ಟೀಮುಗಳ ಸಂಗತಿ ಇದಕ್ಕಿಂತ ಸೂಕ್ಷ್ಮ. ರೋಲ್ ಸಲ್ಯೂಷನ್ನಿನ ಘಟಕವಾದರೂ ಟೀಮ್ ಹಾಗಲ್ಲ. ಅದು ಟೇಬಲ್ಲಿನಲ್ಲಿರುವ ಒಂದು ದಾಖಲೆ. ಟೀಮುಗಳಲ್ಲಿ ಒಂದು ಬಗೆಯು, 2023ರವರೆಗೆ ಅಜೂರ್ ಆಕ್ಟಿವ್ ಡೈರೆಕ್ಟರಿ ಎಂದಿದ್ದ ಈಗಿನ ಎಂಟ್ರಾ ಐಡಿಯ (ಸಂಸ್ಥೆಯ ಬಳಕೆದಾರರ ಖಾತೆಗಳನ್ನು ಇಡುವ ಮೈಕ್ರೋಸಾಫ್ಟ್ ಸೇವೆ) ಸೆಕ್ಯುರಿಟಿ ಗ್ರೂಪಿಗೆ ಅಂಟಿಕೊಂಡಿರುತ್ತದೆ. ಎಂಟ್ರಾ ಗ್ರೂಪಿಗೆ ಒಬ್ಬರನ್ನು ಸೇರಿಸಿದರೆ ಟೀಮಿನ ಅಧಿಕಾರ ಅವರಿಗೆ ಬರುತ್ತದೆ, ತೆಗೆದರೆ ಹೋಗುತ್ತದೆ. ನಾನು ಎಲ್ಲೆಡೆಯೂ ಈ ಬಗೆಯನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಜನರ ಪಟ್ಟಿ ವರ್ಕ್‌ಫ್ಲೋ ಸಾಫ್ಟ್‌ವೇರಿನ ಹೊರಗೆ, ನೌಕರಿಗೆ ಸೇರುವ ಮತ್ತು ಬಿಡುವ ಲೆಕ್ಕ ಇಡುವವರ ಕೈಯಲ್ಲಿ ಉಳಿಯುತ್ತದೆ. ಸುಗ್ಗಿಯಲ್ಲಿ ಸೇರಿ ಸುಗ್ಗಿ ಮುಗಿದ ಮೇಲೆ ಬಿಟ್ಟುಹೋಗುವ ಕಾಟಾ ಗುಮಾಸ್ತರ ವಿಷಯದಲ್ಲಿ ಇದು ದೊಡ್ಡ ಅನುಕೂಲ.

ಟೀಮ್ ಮತ್ತು ಗ್ರೂಪಿನ ನಡುವಿನ ಕೊಂಡಿ ಎಂಟ್ರಾದ ಆಬ್ಜೆಕ್ಟ್ ಐಡಿ, ಅಂದರೆ ಆ ಗ್ರೂಪಿನ ಗುರುತಿನ ಸಂಖ್ಯೆ. ಒಂದೇ ಟೆನೆಂಟಿನೊಳಗೆ, ಅಂದರೆ ಒಂದು ಸಂಸ್ಥೆಗೆ ಮೀಸಲಾದ ಮೈಕ್ರೋಸಾಫ್ಟ್ ಆವರಣದೊಳಗೆ, ಮೂರೂ ಎನ್ವಿರಾನ್‌ಮೆಂಟುಗಳಿದ್ದರೂ ಟೆಸ್ಟಿನ ಗ್ರೂಪು ಬೇರೆ, ಪ್ರೊಡಕ್ಷನ್ನಿನ ಗ್ರೂಪು ಬೇರೆ ಇರಬೇಕು. ಇಲ್ಲವಾದರೆ ಪರೀಕ್ಷೆಗೆಂದು ಸೇರಿಸಿದವರು ನಿಜವಾದ ಪಾವತಿಯನ್ನೂ ಮುಟ್ಟುವಂತಾಗುತ್ತದೆ. ಡೆವಲಪ್‌ಮೆಂಟ್ ಹೊರಗಿನ ಗುತ್ತಿಗೆದಾರರ ಟೆನೆಂಟಿನಲ್ಲಿದ್ದರಂತೂ ಅಲ್ಲಿಯ ಐಡಿ ಇಲ್ಲಿ ಇರುವುದೇ ಇಲ್ಲ. ಇದಕ್ಕೆ ಒಂದು ಉಪಾಯವಾಗಿ, ಕಾನ್ಫಿಗರೇಷನ್ ಮೈಗ್ರೇಷನ್ ಟೂಲ್‌ನಿಂದ ಟೀಮಿನ ದಾಖಲೆಗಳನ್ನು ಹೊರತೆಗೆದು, ಸಲ್ಯೂಷನ್ ಜೊತೆ ಅವನ್ನೂ ಪ್ಯಾಕೇಜ್ ಡಿಪ್ಲಾಯರ್ ಮೂಲಕ ಒಟ್ಟಿಗೆ ಇಳಿಸಬಹುದು. ಪ್ಯಾಕೇಜ್ ಡಿಪ್ಲಾಯರ್ ಒಳ್ಳೆಯ ಸಾಧನ. ಹಲವು ಸಲ್ಯೂಷನ್‌ಗಳು, ಅವುಗಳ ಜೊತೆಗಿನ ದತ್ತಾಂಶ, ಇಳಿಸುವ ಮೊದಲು ಮತ್ತು ಆಮೇಲೆ ಓಡಬೇಕಾದ ಕೋಡ್ ಎಲ್ಲವನ್ನೂ ಅದು ಒಂದಾಗಿ ಕಟ್ಟುತ್ತದೆ. ದರದ ಶ್ರೇಣಿ, ತೇವಾಂಶದ ಕಡಿತ ಮುಂತಾದ ಕೋಷ್ಟಕಗಳನ್ನು ನಾನೂ ಹಾಗೆಯೇ ಕಳಿಸುತ್ತೇನೆ. ಟೀಮುಗಳನ್ನು ಮಾತ್ರ ಕಳಿಸುವುದಿಲ್ಲ, ಏಕೆಂದರೆ ಟೀಮಿನ ದಾಖಲೆಯೊಳಗೆ ಹಳೆಯ ಎನ್ವಿರಾನ್‌ಮೆಂಟಿನ ಯೂನಿಟ್ ಸಂಖ್ಯೆ ಮತ್ತು ಆಬ್ಜೆಕ್ಟ್ ಐಡಿ ಎರಡೂ ಅಡಗಿರುತ್ತವೆ, ಮತ್ತು ಅವನ್ನು ದಾರಿಯಲ್ಲಿ ಬದಲಿಸುವ ಕೋಡ್ ಬರೆಯುವುದಕ್ಕಿಂತ ಟೀಮನ್ನು ತಲುಪಿದ ಜಾಗದಲ್ಲೇ ಹೊಸದಾಗಿ ಕಟ್ಟುವುದು ಲೇಸು.

ಅದಕ್ಕಾಗಿ ಪ್ರತಿ ಎನ್ವಿರಾನ್‌ಮೆಂಟಿಗೂ ಒಂದು ಚಿಕ್ಕ ಕಡತ ಇಟ್ಟಿದ್ದೇವೆ: ಟೀಮಿನ ಹೆಸರು, ಅದರ ಯೂನಿಟ್, ಎಂಟ್ರಾ ಗ್ರೂಪಿನ ಐಡಿ, ಕೊಡಬೇಕಾದ ರೋಲ್. ಮೈಕ್ರೋಸಾಫ್ಟಿನ ಪ್ಯಾಕ್ ಎಂಬ ಕಮಾಂಡ್ ಲೈನ್ ಸಾಧನದಲ್ಲಿ ಅಡ್ಮಿನ್ ಅಸೈನ್-ಗ್ರೂಪ್ ಎಂಬ ಆದೇಶ ಇದೇ ಕೆಲಸಕ್ಕೆಂದು ಇದೆ. ಸಲ್ಯೂಷನ್ ಇಳಿದ ಮೇಲೆ ಕಡತದ ಒಂದೊಂದು ಸಾಲಿಗೂ ಅದನ್ನು ಓಡಿಸಿದರೆ ಆಯಿತು. ಕ್ರಮ ತಪ್ಪುವಂತಿಲ್ಲ: ಮೊದಲು ಯೂನಿಟ್ಟುಗಳು, ನಂತರ ಸಲ್ಯೂಷನ್, ನಂತರ ಟೀಮುಗಳು. ಈ ಕಡತದಲ್ಲಿ ಒಬ್ಬ ಮನುಷ್ಯನ ಹೆಸರೂ ಇಲ್ಲ ಎಂಬುದು ನನಗೆ ಅತ್ಯಂತ ಸಮಾಧಾನದ ಸಂಗತಿ, ಏಕೆಂದರೆ ಅದನ್ನು ಗುತ್ತಿಗೆದಾರರು ಸೇರಿದಂತೆ ಯಾರಿಗೆ ಬೇಕಾದರೂ ತೋರಿಸಿ ಚರ್ಚಿಸಬಹುದು, ಸಾಹುಕಾರರಿಂದ ಸಹಿಯನ್ನೂ ಹಾಕಿಸಬಹುದು.

ಇಳಿಸಿದ ದಿನ ಟೀಮನ್ನು ತೆರೆದು ನೋಡಿದವರು ಗಾಬರಿಯಾಗುವುದು ಸಹಜ, ಏಕೆಂದರೆ ಸದಸ್ಯರ ಪಟ್ಟಿ ಖಾಲಿ ಇರುತ್ತದೆ. ಎಂಟ್ರಾ ಗ್ರೂಪಿಗೆ ಅಂಟಿದ ಟೀಮಿನಲ್ಲಿ ಸದಸ್ಯರು ಮುಂಚಿತವಾಗಿ ತುಂಬಿಕೊಳ್ಳುವುದಿಲ್ಲ. ಆ ವ್ಯಕ್ತಿ ಎನ್ವಿರಾನ್‌ಮೆಂಟಿನೊಳಗೆ ಬಂದ ಗಳಿಗೆಯಲ್ಲಿ ಗ್ರೂಪನ್ನು ನೋಡಿ ಅವರನ್ನು ಸೇರಿಸಿಕೊಳ್ಳಲಾಗುತ್ತದೆ. ಇದು ತಿಳಿಯದೆ, ಪಟ್ಟಿ ಖಾಲಿಯಿದೆಯೆಂದು ಒಬ್ಬೊಬ್ಬರಿಗೂ ನೇರವಾಗಿ ರೋಲ್ ಕೊಟ್ಟುಬಿಡುವ ಅಡ್ಮಿನ್‌ಗಳನ್ನು ನೋಡಿದ್ದೇನೆ. ಈ ವ್ಯವಸ್ಥೆಯಲ್ಲಿ ಅಧಿಕಾರಗಳು ಕೂಡುತ್ತವೆಯೇ ಹೊರತು ಒಂದು ಇನ್ನೊಂದನ್ನು ಕಳೆಯುವುದಿಲ್ಲ. ಹಾಗಾಗಿ ಅಂದು ಕೈಯಿಂದ ಕೊಟ್ಟ ರೋಲ್, ಆ ವ್ಯಕ್ತಿಯನ್ನು ಗ್ರೂಪಿನಿಂದ ತೆಗೆದ ಮೇಲೂ ಉಳಿದುಬಿಡುತ್ತದೆ, ಅದು ಯಾರ ಕಡತದಲ್ಲೂ ಇರುವುದಿಲ್ಲ.

ವ್ಯಕ್ತಿಯ ಯೂನಿಟ್ ಕೂಡ ಹೀಗೆಯೇ ಮರೆತುಹೋಗುವ ವಿಷಯ. ಹೊಸ ಬಳಕೆದಾರರು ರೂಢಿಯಂತೆ ಮೂಲ ಯೂನಿಟ್ಟಿಗೆ ಬಂದು ಬೀಳುತ್ತಾರೆ. ಅವರು ಕಾರಟಗಿಯ ಟೀಮಿನಲ್ಲಿದ್ದರೂ, ತಮ್ಮ ಹೆಸರಿನಲ್ಲಿ ಬರೆದ ತೂಕದ ದಾಖಲೆ ಮೂಲ ಯೂನಿಟ್ಟಿಗೆ ಸೇರುತ್ತದೆ, ಕಾರಟಗಿಯ ಲೆಕ್ಕಪತ್ರದವರ ಕಣ್ಣಿಗೆ ಅದು ಬೀಳುವುದಿಲ್ಲ. ಆದ್ದರಿಂದ ಬಳಕೆದಾರರನ್ನು ಅವರ ಮಿಲ್ಲಿನ ಯೂನಿಟ್ಟಿಗೆ ದಾಟಿಸುವ ಹೆಜ್ಜೆಯೂ ಟೀಮುಗಳ ನಂತರ ಇರಬೇಕು. ಇದರ ಜೊತೆಗೇ ನೋಡಬೇಕಾದದ್ದು, ಟೀಮಿನ ಮೂಲಕ ಬಂದ ರೋಲ್ ಸದಸ್ಯರಿಗೆ ಸ್ವಂತ ಮಟ್ಟದ ಅಧಿಕಾರವನ್ನೂ ಕೊಡುತ್ತದೆಯೇ ಅಥವಾ ಟೀಮಿನ ಹೆಸರಿನಲ್ಲಿ ಮಾತ್ರವೇ ಎಂಬ ಆಯ್ಕೆ. ಎರಡನೆಯದಾದರೆ, ಬೇರೆ ರೋಲ್ ಇಲ್ಲದ ಸದಸ್ಯರು ಟೀಮನ್ನು ಒಡೆಯನಾಗಿ ತೋರಿಸಿಯೇ ದಾಖಲೆ ಮಾಡಬೇಕಾಗುತ್ತದೆ. ಈ ಆಯ್ಕೆ ರೋಲಿನ ಗುಣವಾದ್ದರಿಂದ ಡೆವಲಪ್‌ಮೆಂಟಿನಲ್ಲೇ ಸರಿಮಾಡಿ ಕಳಿಸಬೇಕು.

ಒಪ್ಪಿಗೆ ಕೇಳುವ ಫ್ಲೋದೊಳಗೆ ನೇರವಾಗಿ ಬರೆದ ಇಮೇಲ್ ವಿಳಾಸಗಳನ್ನು ನಾನು ಭದ್ರತಾ ಸೆಟ್ಟಿಂಗ್ ಎಂದೇ ಲೆಕ್ಕ ಹಾಕುತ್ತೇನೆ, ಏಕೆಂದರೆ ಪಾವತಿಗೆ ಹೂಂ ಎನ್ನುವ ಅಧಿಕಾರ ನಿಜಕ್ಕೂ ಅಲ್ಲಿರುತ್ತದೆ. ಅವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಅಂದರೆ ಒಂದೊಂದು ಎನ್ವಿರಾನ್‌ಮೆಂಟಿನಲ್ಲಿ ಬೇರೆ ಬೇರೆ ಮೌಲ್ಯ ಕೊಡಬಹುದಾದ ಸೆಟ್ಟಿಂಗ್‌ಗೆ, ಎತ್ತಿಡಬೇಕು. ಅಲ್ಲೂ ಒಂದು ಎಚ್ಚರ ಬೇಕು: ವೇರಿಯಬಲ್ಲಿನ ವ್ಯಾಖ್ಯೆ ಸಲ್ಯೂಷನ್ನಿನಲ್ಲಿ ಹೋಗಬೇಕು, ಆದರೆ ಅದರ ಈಗಿನ ಮೌಲ್ಯವನ್ನು ಎಕ್ಸ್‌ಪೋರ್ಟ್‌ಗೆ ಮೊದಲು ಸಲ್ಯೂಷನ್ನಿನಿಂದ ತೆಗೆಯಬೇಕು. ತೆಗೆಯದಿದ್ದರೆ ಡೆವಲಪರ್‌ನ ವಿಳಾಸವೇ ಪ್ರೊಡಕ್ಷನ್ನಿಗೆ ಹೋಗಿ ಕೂರುತ್ತದೆ. ಟೀಮ್ ಕಟ್ಟುವುದು ಮರೆತರೆ ಕೆಲಸ ನಿಲ್ಲುತ್ತದೆ, ಫೋನ್ ಬರುತ್ತದೆ, ಸರಿಪಡಿಸುತ್ತೇವೆ. ಇದು ಹಾಗಲ್ಲ, ಕೆಲಸ ಸಲೀಸಾಗಿ ನಡೆಯುತ್ತಲೇ ಇರುತ್ತದೆ, ಒಪ್ಪಿಗೆ ಕೇಳುವುದು ಮಾತ್ರ ಬೇರೆಯವರನ್ನು.

ಈ ವಿಭಜನೆ ಮೈಕ್ರೋಸಾಫ್ಟಿನದಷ್ಟೇ ಅಲ್ಲ. ಸರ್ವೀಸ್‌ನೌ ಎಂಬ ಇನ್ನೊಂದು ವರ್ಕ್‌ಫ್ಲೋ ಸಾಫ್ಟ್‌ವೇರಿನಲ್ಲಿ, ಬದಲಾವಣೆಗಳನ್ನು ಸಾಗಿಸುವ ಅಪ್‌ಡೇಟ್ ಸೆಟ್‌ಗಳು ರೋಲ್‌ಗಳನ್ನೂ ಪ್ರವೇಶ ನಿಯಮಗಳನ್ನೂ ಹಿಡಿಯುತ್ತವೆ, ಆದರೆ ಗ್ರೂಪು, ಅದರ ಸದಸ್ಯತ್ವ, ಗ್ರೂಪಿಗೆ ಕೊಟ್ಟ ರೋಲ್ ಇವುಗಳನ್ನು ದತ್ತಾಂಶವೆಂದು ಬಿಟ್ಟುಬಿಡುತ್ತವೆ. ಎರಡು ಕಡೆ ಒಂದೇ ಹೆಸರಿನ ಗ್ರೂಪನ್ನು ಕೈಯಿಂದ ಮಾಡಿದರೆ ಅವುಗಳ ಸಿಸ್ ಐಡಿ ಎಂಬ 32 ಅಕ್ಷರದ ಗುರುತು ಬೇರೆಯಾಗಿ, ವರ್ಕ್‌ಫ್ಲೋ ತನಗೆ ಹೇಳಿದ ಗ್ರೂಪನ್ನು ಕಾಣದೆ ಹೋಗುತ್ತದೆ. ಅದಕ್ಕೇ ಅಲ್ಲಿ ಗ್ರೂಪಿನ ದಾಖಲೆಯನ್ನು ಎಕ್ಸ್‌ಎಂಎಲ್ ಆಗಿ ಒಯ್ಯುವ ಪದ್ಧತಿ ಇದೆ. ಕ್ಯಾಮುಂಡಾ 7 ಎಂಬ ವರ್ಕ್‌ಫ್ಲೋ ಎಂಜಿನ್ನಿನಲ್ಲಿ ಗ್ರೂಪಿನ ಐಡಿ ನಾವೇ ಕೊಡುವ ಒಂದು ಸರಳ ಪದ, ಅದನ್ನು ಪ್ರಕ್ರಿಯೆಯ ನಕ್ಷೆಯಲ್ಲೇ ಬರೆಯಬಹುದು. ಎಲ್ಲ ಕಡೆಯೂ ಒಂದೇ ಪದ ನಡೆಯುವುದರಿಂದ ಸಾಗಣೆ ಸುಲಭ. ಆದರೆ ಆ ಹೆಸರಿನ ಗ್ರೂಪ್ ಅಲ್ಲಿ ಇದೆಯೋ ಇಲ್ಲವೋ ಎಂದು ಎಂಜಿನ್ ನೋಡುವುದಿಲ್ಲ. ಇಲ್ಲದಿದ್ದರೆ ಟಾಸ್ಕ್ ಯಾರ ಪಟ್ಟಿಗೂ ಬಾರದೆ ಹಾಗೆಯೇ ಉಳಿಯುತ್ತದೆ.

ಇಳಿಸಿದ ನಂತರದ ಪರೀಕ್ಷೆಯನ್ನು ಅಡ್ಮಿನ್ ಖಾತೆಯಿಂದ ಮಾಡುವುದರಲ್ಲಿ ಅರ್ಥವಿಲ್ಲ, ಸಿಸ್ಟಂ ಅಡ್ಮಿನಿಸ್ಟ್ರೇಟರ್‌ಗೆ ಎಲ್ಲವೂ ಕಾಣುತ್ತದೆ. ಪ್ರತಿ ರೋಲಿಗೂ ಆ ರೋಲ್ ಬಿಟ್ಟು ಬೇರೇನೂ ಇಲ್ಲದ ಒಂದು ಖಾತೆ ಬೇಕು, ಮತ್ತು ಏನು ಆಗುತ್ತದೆ ಎಂಬುದಕ್ಕಿಂತ ಏನು ಆಗಬಾರದು ಎಂಬುದನ್ನು ಅದರಿಂದ ನೋಡಬೇಕು: ಕಾಟಾದ ಖಾತೆಯಿಂದ ದರ ತಿದ್ದಲು ಹೋಗಿ ನೋಡಬೇಕು, ಕಾರಟಗಿಯ ಖಾತೆಯಿಂದ ಸಿಂಧನೂರಿನ ಲಾಟ್ ತೆರೆಯಲು ಹೋಗಿ ನೋಡಬೇಕು. ದರದ ಕಾಲಮ್ಮಿಗೆ ನಾವು, ಅದನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಹೇಳುವ ಕಾಲಮ್ ಸೆಕ್ಯುರಿಟಿ ಪ್ರೊಫೈಲ್ ಹಾಕಿದ್ದೇವೆ. ಪ್ರೊಫೈಲ್ ಸಲ್ಯೂಷನ್ನಿನಲ್ಲಿ ಬರುತ್ತದೆ, ಅದಕ್ಕೆ ಸೇರಿದ ಟೀಮುಗಳು ಬರುವುದಿಲ್ಲ. ಮೊದಲ ಸಲ ಇಳಿಸಿದಾಗ ಅಡ್ಮಿನ್ ಬಿಟ್ಟು ಯಾರಿಗೂ ದರ ಕಾಣದಿರುವುದಕ್ಕೆ ಇದೇ ಕಾರಣ, ಮತ್ತು ಟೀಮುಗಳ ಕಡತದಲ್ಲಿ ಇದಕ್ಕೂ ಒಂದು ಅಂಕಣ ಬೇಕು.

ಹಳೆಯ ರೋಲ್ ಒಂದನ್ನು ತೆಗೆದುಹಾಕುವ ಆವೃತ್ತಿಯಾಗಿದ್ದರೆ, ಇಂಪೋರ್ಟ್ ಮಾಡುವಾಗ ಅಪ್‌ಡೇಟ್ ಎಂಬುದನ್ನಲ್ಲ, ಅಪ್‌ಗ್ರೇಡ್ ಎಂಬುದನ್ನು ಆರಿಸಬೇಕು. ಅಪ್‌ಡೇಟ್ ಬೇಗ ಮುಗಿಯುತ್ತದೆಂದು ಹಲವರಿಗೆ ಅದೇ ರೂಢಿ, ಆದರೆ ಹೊಸ ಆವೃತ್ತಿಯಲ್ಲಿ ಇಲ್ಲದ ಘಟಕಗಳನ್ನು ಅದು ಅಳಿಸುವುದಿಲ್ಲ, ಹಾಗಾಗಿ ಡೆವಲಪ್‌ಮೆಂಟಿನಲ್ಲಿ ಸತ್ತ ರೋಲ್ ಪ್ರೊಡಕ್ಷನ್ನಿನಲ್ಲಿ ತನ್ನೆಲ್ಲ ಅಧಿಕಾರದೊಂದಿಗೆ ಬದುಕಿರುತ್ತದೆ. ಇಂಥ ಆವೃತ್ತಿಗಳನ್ನು ನಾವು ಮುಂಗಾರು ಭತ್ತದ ಆವಕ ಇಳಿದ ಮೇಲೆ, ಬೇಸಿಗೆ ಬೆಳೆ ಗೇಟಿಗೆ ಬರುವುದಕ್ಕೆ ಮುಂಚೆ ಇಳಿಸುತ್ತೇವೆ. ಲಾರಿಗಳು ಸಾಲು ನಿಂತಿರುವಾಗ ಕಾಟಾದವರ ರೋಲ್ ಮುಟ್ಟಲು ಸಾಹುಕಾರರು ಬಿಡುವುದಿಲ್ಲ, ನಾನೂ ಕೇಳುವುದಿಲ್ಲ.