ಬರೋ ತನಕ ಯಾರು?

ಈ ವಸಂತದಲ್ಲಿ ನಮ್ಮ ಪಕ್ಕದ ಮನೆಯ ಬಡಗಿ ಯಜಮಾನರಿಗೆ ಪದಕ ಬಂತು. ಜರ್ಮನಿಯ ಬವೇರಿಯಾದ ಈ ಸಣ್ಣ ಹಳ್ಳಿಯ ಅಗ್ನಿಶಾಮಕ ದಳದಲ್ಲಿ 40 ವರ್ಷ ದುಡಿದದ್ದಕ್ಕೆ. ಅಷ್ಟೂ ವರ್ಷ ಸಂಬಳ ಅಂತ ಒಂದು ಪೈಸೆ ಮುಟ್ಟಿದವರಲ್ಲ. ದಳದ ವಾರ್ಷಿಕ ಸಭೆಗೆ ಜಿಲ್ಲೆಯ ಮುಖ್ಯಸ್ಥರೇ ಬಂದು, ಅವರ ಕೋಟಿಗೆ ಪದಕ ಸಿಕ್ಕಿಸಿ, ಹೆಂಡತಿಯ ಕೈಗೆ ಹೂಗುಚ್ಛ ಕೊಟ್ಟರು. ನನ್ನ ಮಗಳಿಗೆ ಏಳು ವರ್ಷ, ಇಲ್ಲಿಯ ಮಕ್ಕಳ ಅಗ್ನಿಶಾಮಕ ತಂಡಕ್ಕೆ ಹೋಗುತ್ತಾಳೆ. ಮನೆಗೆ ಬರುವಾಗ ಕೇಳಿದಳು, "ಅಜ್ಜಿ ಊರಲ್ಲಿ ಬೆಂಕಿ ಬಿದ್ರೆ ಯಾರು ಹೋಗ್ತಾರೆ?"

"ತಾಲೂಕಿಂದ ಫೈರ್ ಇಂಜಿನ್ ಬರುತ್ತೆ ಪುಟ್ಟಾ."

"ಅದು ಬರೋ ತನಕ?"

ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ಇಲ್ಲಿ ಇಡೀ ವ್ಯವಸ್ಥೆ ಕಟ್ಟಿರುವುದೇ ಈ ಪ್ರಶ್ನೆಯ ಮೇಲೆ. ಬವೇರಿಯಾ ರಾಜ್ಯದಲ್ಲಿ ಸಂಬಳದ ಅಗ್ನಿಶಾಮಕ ದಳ ಇರುವುದು ಮ್ಯೂನಿಕ್, ನ್ಯೂರೆಂಬರ್ಗ್, ಆಗ್ಸ್‌ಬರ್ಗ್‌ನಂಥ 7 ನಗರಗಳಲ್ಲಿ ಮಾತ್ರ. ಉಳಿದ ಊರುಗಳನ್ನು ಕಾಯುತ್ತಿರುವುದು ಸುಮಾರು 7,500 ಸ್ವಯಂಸೇವಕ ದಳಗಳು. ಇಡೀ ಜರ್ಮನಿಯಲ್ಲಿ ಇಂಥ ಸ್ವಯಂಸೇವಕರು ಸುಮಾರು 10 ಲಕ್ಷ ಮಂದಿ. ದಳ ಇಟ್ಟುಕೊಳ್ಳುವುದು ಸ್ಥಳೀಯ ಪಂಚಾಯಿತಿಗೆ ಕಾನೂನು ಹೇರಿದ ಹೊಣೆ. ಕರೆ ಬಂದ 10 ನಿಮಿಷದೊಳಗೆ, ರಸ್ತೆ ಇರುವ ಯಾವ ಜಾಗಕ್ಕಾದರೂ ತಂಡ ಮುಟ್ಟಬೇಕು ಅನ್ನುವುದು ಇಲ್ಲಿಯ ನಿಯಮ. ಸ್ವಯಂಸೇವಕರು ಸಾಲದೆ ಹೋದರೆ ಊರಿನವರನ್ನು ಕಡ್ಡಾಯವಾಗಿ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಉತ್ತರದ ಸಿಲ್ಟ್ ದ್ವೀಪದ ಲಿಸ್ಟ್ ಅನ್ನುವ ಊರಲ್ಲಿ ಹಾಗೆ ಮಾಡಿದ್ದೂ ಇದೆ.

10 ನಿಮಿಷ ಅಂದರೆ ಎಷ್ಟು ಕಡಿಮೆ ಅಂತ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಪೇಜರ್ ಕೂಗುತ್ತದೆ, ಎಷ್ಟೋ ಊರುಗಳಲ್ಲಿ ಛಾವಣಿಯ ಸೈರನ್ ಕೂಡ. ಬೇಕರಿಯವನು ಹಿಟ್ಟಿನ ಕೈಯಲ್ಲೇ, ಟೀಚರು ಕ್ಲಾಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಡುತ್ತಾರೆ. ಸ್ವಂತ ಕಾರಿಗೆ ನೀಲಿ ದೀಪವಿಲ್ಲ, ಆದ್ದರಿಂದ ರಸ್ತೆಯಲ್ಲಿ ಇವರು ಯಾರೆಂದು ಸುಲಭಕ್ಕೆ ತಿಳಿಯುವುದಿಲ್ಲ. ಚೆನ್ನಾಗಿ ಯೋಚಿಸಿ ಕಟ್ಟಿದ ಠಾಣೆಯಲ್ಲಿ ಕಾರುಗಳು ಒಳಬರುವ ದಾರಿಯೇ ಬೇರೆ, ಫೈರ್ ಇಂಜಿನ್ ಹೊರಡುವ ದಾರಿಯೇ ಬೇರೆ. ಒಂದೇ ಗೇಟಿನಲ್ಲಿ ಎರಡೂ ಎದುರಾದರೆ ಅಪಘಾತ ಆಗುವುದು ಅಲ್ಲೇ. ಒಳಗೆ ಪ್ರತಿಯೊಬ್ಬರಿಗೂ ಹೆಸರು ಬರೆದ ಗೂಡು. ಪ್ಯಾಂಟನ್ನು ಬೂಟಿನ ಸುತ್ತ ಇಳಿಸಿ ಇಟ್ಟಿರುತ್ತಾರೆ. ಬೂಟಿಗೆ ಕಾಲು ತೂರಿಸಿ ಮೇಲೆಳೆದರೆ ಪ್ಯಾಂಟೂ ಬಂತು, ಬೂಟೂ ಬಂತು.

ಪೂರ್ತಿ ತಂಡ ಅಂದರೆ 9 ಜನ. ಮುಖ್ಯಸ್ಥ ಒಬ್ಬ, ಗಾಡಿ ಓಡಿಸಿ ಪಂಪು ನೋಡಿಕೊಳ್ಳುವವನೊಬ್ಬ, ಸುದ್ದಿ ಮುಟ್ಟಿಸುವವನೊಬ್ಬ. ಉಳಿದ ಆರು ಜನ ಎರಡೆರಡರ ಜೋಡಿ: ಬೆಂಕಿಗೆ ನುಗ್ಗುವ ಜೋಡಿ, ನೀರು ತರುವ ಜೋಡಿ, ಹೋಸ್ ಹಾಸುವ ಜೋಡಿ. ಗಾಡಿಯಲ್ಲಿ ಯಾವ ಸೀಟಿನಲ್ಲಿ ಕೂತರೆ ಯಾವ ಕೆಲಸ ಅನ್ನುವುದು ಮೊದಲೇ ಗೊತ್ತು. ಸ್ಥಳಕ್ಕೆ ಹೋದ ಮೇಲೆ "ನೀನು ಏನು ಮಾಡ್ತೀಯ" ಅನ್ನುವ ಮಾತೇ ಬರುವುದಿಲ್ಲ.

ಆಮೇಲಿನದು ನೀರಿನ ಲೆಕ್ಕ. ಹಳ್ಳಿಯ ದಳಗಳಲ್ಲಿ ಸಾಮಾನ್ಯವಾಗಿರುವ ಗಾಡಿಯ ಟ್ಯಾಂಕಿನಲ್ಲಿ 1,200 ಲೀಟರ್ ಇರುತ್ತದೆ ಅಂದುಕೊಳ್ಳಿ. ಒಂದು ಸಣ್ಣ ನಾಝಲ್ ನಿಮಿಷಕ್ಕೆ 100 ಲೀಟರ್ ಬಿಟ್ಟರೂ 12 ನಿಮಿಷ, ಎರಡು ತೆರೆದರೆ 6 ನಿಮಿಷ. ಆದ್ದರಿಂದ ಬೆಂಕಿಯತ್ತ ಹೋಸ್ ಎಳೆಯುತ್ತಿರುವಾಗಲೇ ನೀರಿನ ಜೋಡಿ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ಬೀದಿಯ ನೀರಿನ ಪೈಪಿಗೆ ಇಟ್ಟ ಬಾಯಿ, ಹುಡುಕಿಕೊಂಡು ಓಡಿರಬೇಕು. ಅದು ನೆಲದಡಿ ಇರುತ್ತದೆ, ಚಳಿಗಾಲದಲ್ಲಿ ಹಿಮದಡಿ. ಹತ್ತಿರದ ಗೋಡೆಯ ಮೇಲೆ ಕೆಂಪು ಅಂಚಿನ ಬಿಳಿ ಫಲಕವಿದ್ದು, ಅಲ್ಲಿಂದ ಮುಂದಕ್ಕೆ ಎಷ್ಟು ಮೀಟರ್, ಎಡಕ್ಕೋ ಬಲಕ್ಕೋ ಎಷ್ಟು ಮೀಟರ್ ಅಂತ ಬರೆದಿರುತ್ತದೆ. ಮುಚ್ಚಳ ತೆಗೆದು, ನಿಲುಗೊಳವೆ ಸಿಕ್ಕಿಸಿದ ಮೇಲೆ ಮೊದಲು ಒಂದಿಷ್ಟು ನೀರನ್ನು ಸುಮ್ಮನೆ ಹರಿಯಬಿಡಬೇಕು. ಇಲ್ಲದಿದ್ದರೆ ತುಕ್ಕು, ಕಲ್ಲುಪುಡಿ ಹೋಗಿ ನಾಝಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ವಾಲ್ವನ್ನು ಪೂರ್ತಿ ತೆರೆಯಬೇಕು. ಅರ್ಧಕ್ಕೆ ಬಿಟ್ಟರೆ ಕೆಳಗಿನ ಬಸಿಗಂಡಿ ಮುಚ್ಚಿಕೊಳ್ಳದೆ ನೀರು ಸೋರಿ ಸುತ್ತಲಿನ ಮಣ್ಣು ಕೊಚ್ಚಿಹೋಗುತ್ತದೆ. ಮುಚ್ಚುವಾಗ ನಿಧಾನ, ಇಲ್ಲದಿದ್ದರೆ ಒತ್ತಡದ ಹೊಡೆತಕ್ಕೆ ಪೈಪೇ ಒಡೆದೀತು.

ಹೋಸಿನ ವಿಷಯಕ್ಕೂ ಹೀಗೇ. 75 ಮಿಲಿಮೀಟರಿನ, 20 ಮೀಟರ್ ಉದ್ದದ ದೊಡ್ಡ ಹೋಸಿನಲ್ಲಿ ನೀರು ತುಂಬಿದರೆ ಸುಮಾರು 88 ಲೀಟರ್ ನಿಲ್ಲುತ್ತದೆ. ಅದನ್ನು ಎಳೆದು ತಿರುಗಿಸುವುದು ಇಬ್ಬರಿಂದಲೂ ಕಷ್ಟ. ಅದಕ್ಕೇ ಖಾಲಿ ಇರುವಾಗಲೇ ಸರಿಯಾದ ದಾರಿಯಲ್ಲಿ ಹಾಸಿ, ಬಾಗಿಲ ಬಳಿ ಒಂದಿಷ್ಟು ಸುರುಳಿ ಉಳಿಸಿಕೊಂಡು, ಕೊನೆಗೆ "ನೀರು ಬಿಡಿ" ಅಂತ ಕೂಗಬೇಕು. ಆತುರಪಟ್ಟು ಮೊದಲೇ ಕೂಗಿದರೆ, ಮೆಟ್ಟಿಲ ತಿರುವಿನಲ್ಲಿ ಮಡಿಚಿದ ಹೋಸ್ ಬಿಡಿಸುವುದರಲ್ಲೇ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ.

ಹೊಗೆಯೊಳಗೆ ಹೋಗುವವರ ಶಿಸ್ತು ಇನ್ನೂ ಬಿಗಿ. 6 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ, ಮೈಮುರಿದು ಕೆಲಸ ಮಾಡುವವನಿಗೆ ಅದು ಅರ್ಧ ಗಂಟೆಗೆ ಸಾಕಾಗುತ್ತದೆ. ಒಳಗೆ ಹೋಗಲು ಎಷ್ಟು ಗಾಳಿ ಖರ್ಚಾಯಿತೋ, ವಾಪಸು ಬರಲು ಅದರ ಎರಡರಷ್ಟು ಇಟ್ಟುಕೊಳ್ಳಬೇಕು. ಒಂಟಿಯಾಗಿ ಒಳಹೋಗುವ ಹಾಗಿಲ್ಲ, ಹೊರಗೆ ಇನ್ನೊಂದು ಜೋಡಿ ಮಾಸ್ಕ್ ಸಮೇತ ಸಿದ್ಧವಾಗಿರಬೇಕು. ಗಡ್ಡ ಬಿಟ್ಟವರಿಗೆ ಈ ಕೆಲಸವಿಲ್ಲ, ಕೂದಲ ಎಡೆಯಿಂದ ಹೊಗೆ ಒಳನುಸುಳುತ್ತದೆ. 50 ವರ್ಷದವರೆಗೆ ಮೂರು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ವೈದ್ಯಕೀಯ ತಪಾಸಣೆ. ವರ್ಷಕ್ಕೊಮ್ಮೆ ಕತ್ತಲ ಸುರಂಗದಂಥ ಅಭ್ಯಾಸದ ದಾರಿಯಲ್ಲಿ ಸಿಲಿಂಡರ್ ಹೊತ್ತು ತೆವಳಬೇಕು. ಅದು ತಪ್ಪಿದರೆ, ಎಷ್ಟೇ ವರ್ಷದ ಅನುಭವಿಯಾದರೂ ಹೊರಗೇ ನಿಲ್ಲಬೇಕು.

ಇಷ್ಟೆಲ್ಲ ಮಾಡಿಯೂ ಬರುವ ಕರೆಗಳಲ್ಲಿ ಹೆಚ್ಚಿನವು ಬೆಂಕಿಯವಲ್ಲ. ರಸ್ತೆ ಅಪಘಾತ, ಬಿದ್ದ ಮರ, ರಸ್ತೆಗೆ ಚೆಲ್ಲಿದ ಎಣ್ಣೆ, ನೀರು ನುಗ್ಗಿದ ನೆಲಮಾಳಿಗೆ. 2024ರ ಜೂನ್ ಮೊದಲ ವಾರದಲ್ಲಿ ದಕ್ಷಿಣ ಜರ್ಮನಿಯಲ್ಲಿ ಪ್ರವಾಹ ಬಂದಾಗ, ಫಾಫೆನ್‌ಹೋಫೆನ್ ಬಳಿ ಜನರನ್ನು ಕಾಪಾಡಲು ಹೋದ ರಬ್ಬರ್ ದೋಣಿ ಮಗುಚಿ ಅಗ್ನಿಶಾಮಕ ದಳದವರೊಬ್ಬರು ಪ್ರಾಣ ಕಳೆದುಕೊಂಡರು. ಇಂಥ ಅಪಾಯ ಇದೆ ಅಂತ ಗೊತ್ತಿದ್ದೇ ಜನ ಪೇಜರ್ ಕಟ್ಟಿಕೊಳ್ಳುತ್ತಾರೆ. ಯಾಕೆ ಅಂತ ಬಡಗಿ ಯಜಮಾನರನ್ನು ಕೇಳಿದರೆ ಒಂದೇ ಮಾತು: "ನಾವು ಹೋಗದಿದ್ದರೆ ಬೇರೆ ಯಾರೂ ಇಲ್ಲವಲ್ಲ."

ಈ ಮಾತು ನಮ್ಮ ಹಳ್ಳಿಗಳಲ್ಲೂ ಇದೆ. ಬಣವೆಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡದವರು ಯಾರು? ಜಗಳವಾಡಿ ಮಾತು ಬಿಟ್ಟ ದಾಯಾದಿಯೂ ಓಡಿ ಬರುತ್ತಾನೆ. ಮನಸ್ಸಿನಲ್ಲಿ ಜರ್ಮನಿಯವರು ನಮಗಿಂತ ಮೇಲು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ವ್ಯತ್ಯಾಸ ಇರುವುದು ಆ ಮನಸ್ಸಿನ ಬೆನ್ನಿಗೆ ಊರು, ಸರ್ಕಾರ, ಕೆಲಸ ಕೊಟ್ಟವರು ಹೇಗೆ ನಿಲ್ಲುತ್ತಾರೆ ಅನ್ನುವುದರಲ್ಲಿ. ಇಲ್ಲಿ ಪೇಜರ್ ಕೂಗಿದಾಗ ನೌಕರನನ್ನು ಬಿಟ್ಟುಕೊಡುವುದು ಮಾಲೀಕನ ಕರ್ತವ್ಯ. ಆ ಹೊತ್ತಿನ ಸಂಬಳ ಕಡಿಯುವಂತಿಲ್ಲ, ಖಾಸಗಿ ಮಾಲೀಕನಿಗೆ ಅದನ್ನು ಪಂಚಾಯಿತಿ ತುಂಬಿಕೊಡುತ್ತದೆ. ರಾತ್ರಿಯಿಡೀ ದುಡಿದಿದ್ದರೆ ಬೆಳಿಗ್ಗೆ ವಿಶ್ರಾಂತಿಗೂ ಹಕ್ಕಿದೆ. ಬಟ್ಟೆ, ಹೆಲ್ಮೆಟ್, ತರಬೇತಿ, ವಿಮೆ ಯಾವುದಕ್ಕೂ ಅವನ ಜೇಬಿಗೆ ಕೈ ಹಾಕುವುದಿಲ್ಲ.

ಹಾಗಂತ ತೊಂದರೆ ಇಲ್ಲವೆಂದಲ್ಲ. ಹಗಲು ಹೊತ್ತಿನಲ್ಲಿ ಊರು ಖಾಲಿ, ದುಡಿಯುವವರೆಲ್ಲ ನಗರದಲ್ಲಿ. ಅದಕ್ಕೆ ಒಂದು ಕರೆಗೆ ಎರಡು ಮೂರು ಊರಿನ ದಳಗಳನ್ನು ಒಟ್ಟಿಗೇ ಎಬ್ಬಿಸುತ್ತಾರೆ. ರಾತ್ರಿ ತನ್ನ ಊರಿನ ದಳದಲ್ಲಿ, ಹಗಲು ಆಫೀಸಿರುವ ಊರಿನ ದಳದಲ್ಲಿ ಸೇವೆ ಮಾಡುವವರೂ ಇದ್ದಾರೆ. ಜರ್ಮನ್ ಪೌರತ್ವ ಬೇಕಿಲ್ಲ, ಕೂಗಿ ಹೇಳಿದ ಆದೇಶ ಅರ್ಥವಾಗುವಷ್ಟು ಭಾಷೆ ಬೇಕು. ಇಲ್ಲಿರುವ ಕನ್ನಡಿಗರು ಯಾರಾದರೂ ಓದುತ್ತಿದ್ದರೆ, ಅಭ್ಯಾಸದ ಸಂಜೆ ಠಾಣೆಯ ಬಾಗಿಲಿಗೆ ಹೋಗಿ ನಿಂತರೆ ಸಾಕು, ಒಳಗೆ ಕರೆಯುತ್ತಾರೆ.

ಗೌರವಿಸುವ ರೀತಿಯೂ ಹೇಳಬೇಕಾದದ್ದೇ. ವಾರ್ಷಿಕ ಸಭೆಯಲ್ಲಿ ಕಮಾಂಡರ್ ಎದ್ದು, ವರ್ಷದಲ್ಲಿ ಎಷ್ಟು ಕರೆ, ಎಷ್ಟು ತಾಸು, ಯಾರು ಎಷ್ಟು ಅಭ್ಯಾಸಕ್ಕೆ ಬಂದರು ಅಂತ ಓದುತ್ತಾನೆ. ಆ ಕಮಾಂಡರನ್ನು ಆರು ವರ್ಷಕ್ಕೊಮ್ಮೆ ಆರಿಸುವವರೂ ದಳದವರೇ. 25 ವರ್ಷಕ್ಕೆ ಬೆಳ್ಳಿ ಪದಕ, 40ಕ್ಕೆ ಚಿನ್ನದ್ದು. 40 ಮುಟ್ಟಿದವರಿಗೆ ಆಲ್ಪ್ಸ್ ಬೆಟ್ಟದ ಬುಡದ ಬಾಯೆರಿಷ್ ಗ್ಮೈನ್‌ನಲ್ಲಿರುವ ಅಗ್ನಿಶಾಮಕರ ವಿಶ್ರಾಂತಿಧಾಮದಲ್ಲಿ ರಾಜ್ಯದ ಖರ್ಚಿನಲ್ಲಿ ಒಂದು ವಾರ. ಮೂಲ ತರಬೇತಿ ಮುಗಿಸಿದವರಿಗೆ ಸ್ವಯಂಸೇವಕರ ಕಾರ್ಡ್ ಸಿಗುತ್ತದೆ, ಮ್ಯೂಸಿಯಮ್ಮು, ಈಜುಕೊಳ ಮುಂತಾದ ಕಡೆ ರಿಯಾಯಿತಿ. ದೊಡ್ಡ ಮೊತ್ತವೇನಲ್ಲ. ಆದರೆ ಹೆಸರು, ವರ್ಷ, ತಾಸು ಮೂರೂ ಬರಹದಲ್ಲಿ ಉಳಿಯುತ್ತವೆ, ಊರಿನೆದುರು ಓದಲ್ಪಡುತ್ತವೆ. ನಮ್ಮಲ್ಲಿ ಶಾಲು, ಹಾರ, ಮೈಸೂರು ಪೇಟ ಹೆಚ್ಚಾಗಿ ಹೋಗುವುದು ವೇದಿಕೆಗೆ ಬಂದ ಅತಿಥಿಗೆ. ಬಣವೆ ಆರಿಸುವಾಗ ಕೈ ಸುಟ್ಟುಕೊಂಡವನ ಹೆಸರು ಮುಂದಿನ ಸುಗ್ಗಿಗೆ ಯಾರಿಗೂ ನೆನಪಿರುವುದಿಲ್ಲ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಇನ್ನು "ಬರೋ ತನಕ" ಏನು ಮಾಡಬಹುದು ಅನ್ನುವುದು. ನಮ್ಮ ಕಡೆ ಬಣವೆಗೋ ಕಬ್ಬಿನ ಗದ್ದೆಗೋ ಬೆಂಕಿ ಬೀಳುವುದಕ್ಕೆ ಒಂದು ದೊಡ್ಡ ಕಾರಣ ಜೋತುಬಿದ್ದ ವಿದ್ಯುತ್ ತಂತಿಯ ಕಿಡಿ. 112ಕ್ಕೋ 101ಕ್ಕೋ ಕರೆ ಹೋಗುತ್ತಿರುವಾಗಲೇ ಲೈನ್‌ಮನ್‌ಗೂ ಕರೆ ಹೋಗಬೇಕು. ಕರೆಂಟು ಹೋಗಿದೆ ಅಂತ ಖಾತ್ರಿಯಾಗದೆ ತಂತಿಯಡಿ ಒಂದು ಚೊಂಬು ನೀರೂ ಎರಚಬಾರದು. ಎರಡನೆಯದು, ಹತ್ತಿಕೊಂಡ ಬಣವೆಗಿಂತ ಮೊದಲು ಪಕ್ಕದ ಬಣವೆ, ಕೊಟ್ಟಿಗೆ, ಕಟ್ಟಿದ ದನ ನೋಡಬೇಕು. ಬಣವೆಯ ನೆತ್ತಿಗೆ ಸುರಿದ ನೀರು ಹುಲ್ಲಿನ ಮೇಲೆ ಜಾರಿ ಕೆಳಗಿಳಿಯುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಅಂಚಿನಿಂದ ಎಳೆದು, ಹರಡಿ, ಹರಡಿದ್ದನ್ನು ನೆನೆಸಬೇಕು. ಜೆಸಿಬಿ ಸಿಕ್ಕರೆ ಕೆಲಸ ಬೇಗ. ಆರಿತು ಅಂತ ಮನೆಗೆ ಹೋದ ಮೇಲೆ ರಾತ್ರಿ ಮತ್ತೆ ಹೊತ್ತಿಕೊಳ್ಳುವುದು ಈ ಒಳಗಿನ ಕೆಂಡದಿಂದಲೇ, ಅದಕ್ಕೆ ಕಾವಲು ಬೇಕು.

ಎಷ್ಟೋ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಟ್ರ್ಯಾಕ್ಟರ್ ಟ್ಯಾಂಕರ್ ಇದೆ. ಅದರ ಹಿಂದಿನ ವಾಲ್ವಿನಿಂದ ನೀರು ಬರೀ ಇಳಿಯುತ್ತದೆ, ಹಾರುವುದಿಲ್ಲ. ಆದ್ದರಿಂದ ಟ್ಯಾಂಕರ್ ಬಂದರೂ ಜನ ಕೊಡದಲ್ಲೇ ಎರಚುತ್ತಾರೆ. ಇಬ್ಬರು ಎತ್ತಬಹುದಾದ ಪೆಟ್ರೋಲಿನಿಂದ ಓಡುವ ಒಂದು ನೀರಿನ ಪಂಪು, ನಾಲ್ಕು ಹೋಸು, ಒಂದು ನಾಝಲ್, ಹೀರುಕೊಳವೆ ಇದ್ದರೆ ಅದೇ ಟ್ಯಾಂಕರ್ ಊರಿನ ಫೈರ್ ಇಂಜಿನ್ ಆಗುತ್ತದೆ. ಹೋಸನ್ನು ನಮ್ಮ ಅಗ್ನಿಶಾಮಕ ಇಲಾಖೆ ಬಳಸುವ 63 ಮಿಲಿಮೀಟರಿನ ಜಾಯಿಂಟಿನದ್ದೇ ಕೊಳ್ಳಬೇಕು, ಆಗ ತಾಲೂಕಿನ ಗಾಡಿ ಬಂದಾಗ ಅದಕ್ಕೆ ನೇರವಾಗಿ ಕೂಡುತ್ತದೆ. ಟ್ಯಾಂಕರ್ ಬರಿದಾದರೆ ಕೃಷಿ ಹೊಂಡದಿಂದ ಎತ್ತಬಹುದು, ಆದರೆ ಪಂಪಿನಿಂದ ನೀರಿನ ಮಟ್ಟ 7 ಮೀಟರಿಗಿಂತ ಆಳವಿದ್ದರೆ ನೀರು ಏರುವುದಿಲ್ಲ. ಜಾಲರಿ ನೀರಿನೊಳಗೆ ಒಂದಡಿಯಾದರೂ ಮುಳುಗಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆದುಕೊಳ್ಳುತ್ತದೆ. ಇಲ್ಲಿಯ ದಳಗಳು ಪಂಪಿನ ಆರೋಗ್ಯ ನೋಡುವ ಕ್ರಮ ಸುಲಭ. ಪಂಪಿನ ಬಾಯಿ ಮುಚ್ಚಿ, ನೀರಿಲ್ಲದೆ ಓಡಿಸಿ, 30 ಸೆಕೆಂಡಿನಲ್ಲಿ ಮುಳ್ಳು 0.8 ಬಾರ್ ನಿರ್ವಾತಕ್ಕೆ ಬರಬೇಕು, ನಿಲ್ಲಿಸಿದ ಮೇಲೆ ಒಂದು ನಿಮಿಷದಲ್ಲಿ 0.1ಕ್ಕಿಂತ ಹೆಚ್ಚು ಇಳಿಯಬಾರದು. ಇಳಿದರೆ ಎಲ್ಲೋ ವಾಷರ್ ಹೋಗಿದೆ ಅಂತ ಅರ್ಥ.

ಜನರಿಗೆ ತರಬೇತಿ ಕೊಡುವ ದಾರಿ ನಮ್ಮಲ್ಲೂ ತೆರೆದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ಕೊಡುವ ಗುರಿ ಇಟ್ಟುಕೊಂಡು ಬಂದದ್ದು. ತರಬೇತಿ ಪಡೆದವರನ್ನು ಊರು ಊರಲ್ಲಿ ಗುರುತಿಸಿ, ಅವರ ಸುತ್ತ ಹತ್ತು ಜನರನ್ನು ಕೂಡಿಸಿ, ತಿಂಗಳಿಗೊಂದು ಸಂಜೆ ಪಂಪು ಹಚ್ಚಿ ಹೋಸ್ ಹಾಸುವ ಅಭ್ಯಾಸ ಇಟ್ಟುಕೊಳ್ಳಬೇಕು. ಆಗಸ್ಟ್ 15ಕ್ಕೆ ಧ್ವಜ ಹಾರಿಸಿದ ಮೇಲೆ ಅವರ ಹೆಸರು, ಬಂದ ಕರೆ, ದುಡಿದ ತಾಸು ಓದಿದರೆ ಪಂಚಾಯಿತಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಸಾಮಾನು ಬಂದ ಮೇಲೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒದ್ದೆ ಹೋಸನ್ನು ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿದು, ಮುಂದಿನ ಬಾರಿ ಒತ್ತಡಕ್ಕೆ ಹರಿಯುತ್ತದೆ, ನೀಟಾಗಿ ನೇತುಹಾಕಿ ಒಣಗಿಸಿಯೇ ಸುತ್ತಬೇಕು. ಇನ್ನೊಂದು ಬೀಗದ ಕೈ. ಪಂಪು ಪಂಚಾಯಿತಿ ಆಫೀಸಿನ ಕೋಣೆಯಲ್ಲಿ, ಬೀಗದ ಕೈ ಪಕ್ಕದೂರಿನಲ್ಲಿರುವ ಸಿಬ್ಬಂದಿಯ ಜೇಬಿನಲ್ಲಿ ಅಂತಾದರೆ ರಾತ್ರಿ ಎರಡು ಗಂಟೆಗೆ ಕೊಂಡದ್ದೆಲ್ಲ ವ್ಯರ್ಥ. ಬೀಗದ ಕೈ ಎರಡಿರಬೇಕು, ಎರಡೂ ಆಫೀಸಿನ ಹತ್ತಿರದ ಮನೆಗಳಲ್ಲಿರಬೇಕು, ಆ ಎರಡು ಮನೆ ಯಾವುದು ಅಂತ ತಂಡದ ಹತ್ತೂ ಜನಕ್ಕೆ ಗೊತ್ತಿರಬೇಕು.