ಸತ್ತಿತು ಅಂದವರ ಮುಂದೆಯೇ ಓಡುತ್ತಿರುವ ಫಿಲ್ಮ್

ಕ್ಯಾಮೆರಾಗೆ ಹಾಕುವ ಕಪ್ಪು-ಬಿಳುಪು ಫಿಲ್ಮ್ ರೋಲು ಮುಗಿದೇ ಹೋಯಿತು ಅಂತ ಎಷ್ಟು ಸಲ ಕೇಳಿದ್ದೇವೆ, ಅಲ್ವಾ? 2004ರಲ್ಲಿ ಇಂಗ್ಲೆಂಡಿನ ಫಿಲ್ಮ್ ಕಂಪನಿ ಇಲ್ಫರ್ಡ್ ದಿವಾಳಿಯ ಅಂಚಿಗೆ ಬಂತು. ಅಲ್ಲಿನ ಮ್ಯಾನೇಜರುಗಳೇ ಸೇರಿ ಅದನ್ನು ಕೊಂಡು, ಹಾರ್ಮನ್ ಅನ್ನುವ ಕಂಪನಿ ಮಾಡಿ ನಡೆಸಿದರು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಆದರೂ ಅದರ ಟ್ರೈ-ಎಕ್ಸ್ ಅನ್ನುವ ಕಪ್ಪು-ಬಿಳುಪು ಫಿಲ್ಮ್ ಇವತ್ತಿಗೂ ಸಿಗುತ್ತದೆ. ಜಪಾನಿನ ಫ್ಯೂಜಿ 2018ರಲ್ಲಿ ತನ್ನ ಅಕ್ರಾಸ್ ಫಿಲ್ಮ್ ನಿಲ್ಲಿಸಿತು, ಜನ ಕೇಳಿದ್ದಕ್ಕೆ ಮರುವರ್ಷವೇ ಅಕ್ರಾಸ್ 2 ತಂದಿತು. ಜೆಕ್ ದೇಶದ ಫೋಮಾ ಕಂಪನಿ ಅಂತೂ ತನ್ನ ಪಾಡಿಗೆ ತಾನು ಫಿಲ್ಮ್ ಮಾಡುತ್ತಲೇ ಇದೆ.

ನನಗೆ ಚಿಂತೆ ಫಿಲ್ಮ್ ಮಾಡುವ ಯಂತ್ರಗಳದ್ದು. ಬೆಳ್ಳಿ ಲವಣದ ಸಣ್ಣ ಹರಳುಗಳನ್ನು ಜೆಲಾಟಿನ್‌ಗೆ ಬೆರೆಸಿ, ಅಗಲವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂದಲಿಗಿಂತ ತೆಳ್ಳಗೆ ಬಳಿಯಬೇಕು. ಅದೂ ಕತ್ತಲಲ್ಲಿ. ಒಂದು ಧೂಳಿನ ಕಣ ಕೂತರೂ ಕೆಟ್ಟಿತು. ಕಿಲೋಮೀಟರುಗಟ್ಟಲೆ ಬಳಿಯಲೆಂದೇ ಕಟ್ಟಿದ ಯಂತ್ರಕ್ಕೆ ‘ಸ್ವಲ್ಪ ಸಾಕಪ್ಪಾ’ ಅಂದರೆ ಅರ್ಥವಾಗುವುದಿಲ್ಲ. ಅದರ ಗುಣ ಬಲ್ಲ ಹಳೆಯ ಕೈಗಳು ರಿಟೈರ್ ಆದರೆ ಹೊಸಬರಿಗೆ ಕಲಿಸುವವರು ಯಾರು?

ಅಂದಹಾಗೆ, ಹೊಸ ಹೊಸ ಬ್ರಾಂಡುಗಳ ಡಬ್ಬಿ ನೋಡಿ ಸುಮ್ನೆ ಹಿಗ್ಗಬೇಡಿ. ಎಷ್ಟೋ ಡಬ್ಬಿಗಳ ಒಳಗಿರುವುದು ಇದೇ ನಾಲ್ಕಾರು ಕಾರ್ಖಾನೆಗಳ ಮಾಲು. ಕೆಂಟ್‌ಮೀರ್ ಅನ್ನುವ ಬ್ರಾಂಡ್ ಕೂಡ ಹಾರ್ಮನ್‌ದೇ. ಅಗ್ಗ ಅಂತ ನಾನು ಜಾಸ್ತಿ ಹಾಕುವುದೂ ಅದನ್ನೇ.