ಮೇಷ್ಟ್ರು, ರೈಲು ಎಂಜಿನ್ನು, ಕುಂಬಳಕಾಯಿ

ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ನಮಗೆ ಹೀಟ್ ಟ್ರಾನ್ಸ್‌ಫರ್, ಅಂದರೆ ಶಾಖ ಹರಿಯುವ ಲೆಕ್ಕ, ಕಲಿಸಿದ ಮೇಷ್ಟ್ರು ತೀರಿಕೊಂಡರು. ಸುದ್ದಿ ಓದಿ, ಅವರು ಕಲಿಸಿದ ಒಂದಾದರೂ ಸಮೀಕರಣ ನೆನಪಿದೆಯಾ ಅಂತ ಯೋಚಿಸಿದೆ. ಒಂದೂ ಇಲ್ಲ. ನೆನಪಾದದ್ದು ಕುಂಬಳಕಾಯಿ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಾಲೇಜು ತಂಡದ ಲಾಂಛನ ಹುಲಿಯೂ ಅಲ್ಲ, ಹದ್ದೂ ಅಲ್ಲ, ರೈಲು ಎಂಜಿನ್ನು. ಹೆಸರು ಬಾಯ್ಲರ್‌ಮೇಕರ್ ಸ್ಪೆಷಲ್. ಬಾಯ್ಲರ್‌ಮೇಕರ್ ಅಂದರೆ ಬಾಯ್ಲರ್ ತಯಾರಿಸುವ ಕೆಲಸಗಾರ. ಮೊದಲನೆಯದು ಬಂದದ್ದು 1940ರಲ್ಲಿ. ಇದಕ್ಕೆ ಹಳಿ ಬೇಡ, ರಸ್ತೆ ಮೇಲೇ ಓಡುತ್ತದೆ. ಸಿಳ್ಳೆ ಹೊಡೆದರೆ ಕಿವಿ ಗುಂಯ್ ಅನ್ನುತ್ತದೆ.

ಒಂದು ವರ್ಷ ಆಯುಧಪೂಜೆ ಹತ್ತಿರದ ಶನಿವಾರ ನಮ್ಮ ಕ್ಯಾಂಪಸ್ಸಿನಲ್ಲೇ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಇತ್ತು. ಇಷ್ಟು ದೊಡ್ಡ ಗಾಡಿ ಇಟ್ಟುಕೊಂಡು ಪೂಜೆ ಇಲ್ಲ ಅಂದರೆ ಹೇಗೆ? ರಾಸ್-ಏಡ್ ಸ್ಟೇಡಿಯಂ ಹೊರಗೆ ನಿಂತಿದ್ದ ಎಂಜಿನ್ನಿಗೆ ನಾವು ನಾಲ್ಕು ಜನ ಕನ್ನಡದ ಹುಡುಗರು ಅರಿಶಿನ, ಕುಂಕುಮ ಹಚ್ಚಿದೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಬೂದುಗುಂಬಳ ಅಲ್ಲೆಲ್ಲಿ ಸಿಗಬೇಕು? ಆದರೆ ಅಕ್ಟೋಬರಿನಲ್ಲಿ ಇಂಡಿಯಾನಾದಲ್ಲಿ ಎಲ್ಲಿ ನೋಡಿದರೂ ಸಿಹಿಗುಂಬಳ. ಅದನ್ನೇ ದೃಷ್ಟಿ ತೆಗೆದು ಒಡೆದೆವು. ಗಾಡಿ ನೋಡಿಕೊಳ್ಳುವ ಹುಡುಗರು ಗಾಬರಿಯಾಗಿ ಓಡಿ ಬಂದರು.

ಅಷ್ಟರಲ್ಲಿ ನಮ್ಮ ಕಾಲೇಜಿನ ಕಪ್ಪು-ಬಂಗಾರ ಬಣ್ಣದ ಟೋಪಿ ಹಾಕಿಕೊಂಡು ಮೇಷ್ಟ್ರೇ ಬಂದುಬಿಡಬೇಕೇ! ಕುಂಬಳದ ಹೋಳು ನೋಡಿದರು, ನಮ್ಮನ್ನು ನೋಡಿದರು, ಜೋರಾಗಿ ನಕ್ಕರು. ಹಿಂದೆ ಎದುರಾಳಿಗಳು ನಮ್ಮವರನ್ನು ಕುಂಬಳ ಸುಲಿಯುವವರು ಅಂತಲೇ ಆಡಿಕೊಳ್ಳುತ್ತಿದ್ದರಂತೆ. ಹುಲ್ಲು ಕೊಯ್ಯುವವರು, ಕಮ್ಮಾರರು ಅಂತಲೂ ಅನ್ನುತ್ತಿದ್ದರಂತೆ. ಅಲ್ಲೇ ನಿಂತು ಕಥೆ ಶುರು ಮಾಡಿದರು. 1891ರಲ್ಲಿ ನಮ್ಮ ತಂಡದವರು ಕ್ರಾಫರ್ಡ್ಸ್‌ವಿಲ್‌ಗೆ ಹೋಗಿ ವಾಬಾಶ್ ಕಾಲೇಜನ್ನು 44–0ರಿಂದ ಬಡಿದು ಬಂದರು. ಸೋತ ಊರಿನ ಪತ್ರಿಕೆಗೆ ಹೊಟ್ಟೆಯುರಿ. ದಾಂಡಿಗ ಬಾಯ್ಲರ್‌ಮೇಕರ್‌ಗಳು ಬಂದು ನಮ್ಮ ಪಾಪದ ಹುಡುಗರನ್ನು ತುಳಿದರು ಅಂತ ಬರೆಯಿತು. ಮೊನೋನ್ ರೈಲ್ವೆ ವರ್ಕ್‌ಶಾಪಿನ ಕೂಲಿಗಳನ್ನು ಆಟಗಾರರು ಅಂತ ಸೇರಿಸಿಕೊಂಡಿದ್ದಾರೆ ಅನ್ನುವ ಗುಸುಗುಸು ಬೇರೆ. ನಮ್ಮವರು ಬೇಜಾರು ಮಾಡಿಕೊಳ್ಳಲಿಲ್ಲ. ಬೈಗುಳವನ್ನೇ ಬಿರುದು ಮಾಡಿಕೊಂಡರು. ಬಿರುದಿಗೆ ಸರಿಯಾಗಿ ಅದೇ ವರ್ಷ ಕಾಲೇಜು ಪ್ರಯೋಗ ಮಾಡಲು ಸ್ಕೆನೆಕ್ಟಡಿ ಅನ್ನುವ ನಿಜವಾದ ರೈಲು ಎಂಜಿನ್ನು ಕೊಂಡಿತ್ತು. ಲ್ಯಾಬಿನೊಳಗೇ ಅದನ್ನು ಓಡಿಸಿ ಅಳತೆ ತೆಗೆಯುತ್ತಿದ್ದರು.

ಇದನ್ನು ಹೇಳುವಾಗ ಮೇಷ್ಟ್ರ ಮುಖ ನೋಡಬೇಕಿತ್ತು. ಕ್ಲಾಸಿನಲ್ಲಿ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಆ ಹುಡುಗರಿಗೆ ಅವರೇ ಹೇಳಿದರು: ನಿಂಬೆಹಣ್ಣಿನ ಮೇಲೆ ಹತ್ತಿಸಿ, ಎಂಜಿನ್ನಿಗೆ ಒಳ್ಳೆಯದಂತೆ. ಹತ್ತಿಸಿದರು. ಸಿಳ್ಳೆಯೂ ಹೊಡೆದರು.

ಈಗಿನವರು ಬಾಯ್ಲರನ್ನು ಸ್ಕ್ರೀನ್ ಮೇಲೆ ಬಿಟ್ಟರೆ ಬೇರೆಲ್ಲೂ ನೋಡುವುದಿಲ್ಲ. ಸಿಮ್ಯುಲೇಶನ್ ಓಡಿಸಿ, ಬಣ್ಣ ಬಣ್ಣದ ಚಿತ್ರ ತೆಗೆದರೆ ಮುಗಿಯಿತು. ಕೈಗೆ ಮಸಿ ಹತ್ತದ ಬಾಯ್ಲರ್‌ಮೇಕರ್! ನಮ್ಮೂರಿನ ಕಾಲೇಜು ಟೀಮುಗಳ ಹೆಸರೂ ಅಷ್ಟೇ, ಎಲ್ಲಿ ನೋಡಿದರೂ ವಾರಿಯರ್ಸ್, ಟೈಟನ್ಸ್. ಯಾರೂ ಬೈದು ಕೊಟ್ಟದ್ದಲ್ಲ, ಸುಮ್ನೆ ಕೂತು ಆರಿಸಿದ್ದು. ಆದರೆ ಹುಡುಗರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. 2011ರಲ್ಲಿ ಸುತ್ತಿಗೆ ಹಿಡಿದು ಮ್ಯಾಚಿನಲ್ಲಿ ಹುರಿದುಂಬಿಸುವ ನಮ್ಮ ವೇಷಧಾರಿ ಪರ್ಡ್ಯೂ ಪೀಟ್‌ಗೆ ಹೊಸ ರೂಪ ಕೊಡಲು ಹೊರಟಾಗ, ಎಲ್ಲರೂ ಕೂಗಾಡಿ ಹಳೆಯ ಪೀಟನ್ನೇ ಉಳಿಸಿಕೊಂಡರಲ್ವಾ?

ಇನ್ನೊಂದು ಮಾತು ದಾಖಲಾಗಲಿ. ಆ ಪೂಜೆಯ ಐಡಿಯಾ ನನ್ನದು. ನನ್ನ ರೂಮ್‌ಮೇಟ್ ತನ್ನದು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವನು ತಂದದ್ದು ಕುಂಬಳಕಾಯಿ ಮಾತ್ರ. ಅದರ ದುಡ್ಡೂ ನಾನೇ ಕೊಟ್ಟಿದ್ದು.